ಬಿಸಿಯಾದ ಮೇಲೆ ಹಿಡಿಯುವ ಬ್ರೇಕು

ಮೌಲಾ ಚಾಚಾನ ಕೈಗೆ ಸರ್ಟಿಫಿಕೇಟು ಎಂಬ ಕಾಗದ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಮೊದಲು ಹೇಳಿದವರು ಸ್ವತಃ ಮೌಲಾ ಚಾಚಾ. ಆಮೇಲೆ ಹೇಳಿದವನು ಅವರು ಕೆಲಸ ಮಾಡುವ ಸಾಂತಾಕ್ರೂಜಿನ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಸುಕೇಶ್. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಹೇಳಿಕೊಂಡವಳು ನಾನು, ಅವರ ಅಣ್ಣನ ಮಗಳು, ನಮ್ಮ ಮನೆತನದ ಮೊದಲ ಪದವೀಧರೆ. ಪದವೀಧರರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟಾದರೂ ಓದಿರುತ್ತೇವೆ.

ಇದನ್ನೆಲ್ಲ ನೆನಪಿಗೆ ತಂದದ್ದು ಇವತ್ತು ಬೆಳಗಿನ ಒಂದು ವಾಸನೆ. ಕಾಂದಿವಲಿಯ ಹತ್ತಿರ ಹೈವೇಯಲ್ಲಿ ಎಂದಿನಂತೆ ಎಲ್ಲರೂ ನಿಂತಿದ್ದೆವು. ನನ್ನ ಮುಂದೆ ಒಂದು ಹಳದಿ ಕಾರು. ಹಿಂದೆ ರೆಕ್ಕೆ, ಕೆಳಗೆ ಕೊಳಲಿನಂಥ ಎರಡು ಪೈಪು, ಚಕ್ರದೊಳಗೆ ಕೆಂಪು ಬಣ್ಣ ಬಳಿದ ಬ್ರೇಕು. ಅದರಿಂದ ಸುಟ್ಟ ಬ್ರೇಕಿನ ವಾಸನೆ ಬರುತ್ತಿತ್ತು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹೆಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಪಕ್ಕದಲ್ಲಿ ಯಾರೋ ರಬ್ಬರಿನ ಚಪ್ಪಲಿಯನ್ನೂ ಇಟ್ಟು ಮರೆತಂತೆ. ಗಾಡಿ ಹೊಡೆಯುತ್ತಿದ್ದ ಹುಡುಗ ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸದೆ ಬಂದಿರಬೇಕು. ನಾನು ಕಿಟಕಿಯಿಂದ ಕೈ ಹೊರಹಾಕಿ ಚಕ್ರದತ್ತ ತೋರಿಸಿದೆ. ಮೆಚ್ಚಿಕೊಂಡೆ ಎಂದು ತಿಳಿದು ಅವನು ಎಂಜಿನ್ನನ್ನು ಎರಡು ಸಲ ಗುರ್ ಅನ್ನಿಸಿ, ನಾಲ್ಕಡಿ ಮುಂದೆ ಹೋಗಿ, ಮತ್ತೆ ನಿಂತ. ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ ಹಾಗೆ ನಿಂತವಳು ನಾನೇ.

ಕಾರು ಕೊಂಡ ಕಥೆ ಚಿಕ್ಕದು. ನನಗೆ ಬೇಕಾಗಿದ್ದದ್ದು ಒಂದು ಬಿಳಿ ಕಾರು, ಅಮ್ಮನಿಗೆ ಹತ್ತಲು ಇಳಿಯಲು ಎತ್ತರವಾಗಿರುವಂಥದ್ದು. ನಾವು ಕೊಳ್ಳುವುದು ಸೆಕೆಂಡ್‌ಹ್ಯಾಂಡ್. ಸೆಕೆಂಡ್‌ಹ್ಯಾಂಡಿನಲ್ಲಿ ಆಯ್ಕೆ ಮಾಡುವುದು ನಾವಲ್ಲ, ಮೊದಲು ಕೊಂಡವನು. ಬೊರಿವಲಿಯ ಸಂಸಾರವಂದಿಗರು ಯಾರೂ ಮುಟ್ಟದ ಒಂದು ಕೆಂಪು ಕಾರು ಡೀಲರಿನ ಹತ್ತಿರ ಎಂಟು ತಿಂಗಳಿಂದ ಬಿದ್ದಿತ್ತು. ಎರಡು ಕಪ್ಪು ಪಟ್ಟೆ, ನೆಲಕ್ಕೆ ಹತ್ತಿದ ಹೊಟ್ಟೆ, ಮಲಗಿಕೊಂಡೇ ಹೊಡೆಯಬೇಕೇನೋ ಅನ್ನುವಂಥ ಸೀಟು. ಅದು ನನ್ನ ಪಾಲಿಗೆ ಬಂತು. ನಮ್ಮ ಸೊಸೈಟಿಯ ಗೇಟಿನಲ್ಲಿರುವ ಸ್ಪೀಡ್‌ಬ್ರೇಕರನ್ನು ಅದು ದಾಟುವಾಗ ಕೇಳುವ ಸದ್ದಿಗೆ ಅಮ್ಮ ಒಳಗೆ ಕೂತು "ಯಾ ಅಲ್ಲಾ" ಅನ್ನುತ್ತಿದ್ದರು. ಆದರೂ ಸ್ಪೋರ್ಟಿ ಕಾರಿನ ಒಡತಿ ಎಂಬುದು ಒಂದು ಪದವಿ. ಪದವಿಯ ರುಚಿ ನನಗೆ ಮೊದಲೇ ಹತ್ತಿತ್ತು.

ಅದರ ಬಗ್ಗೆ ಒಂದು ಮಾತು ಹೇಳಲೇಬೇಕು, ಬೇಡವೆಂದರೂ ಹೇಳುತ್ತೇನೆ. ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅಬ್ಬಾ ಮುದ್ದೇಬಿಹಾಳದ ಕಡೆಯಿಂದ ಬಂದ ಗೌಂಡಿ, ಈ ಊರಿನ ಎಷ್ಟೋ ಬಿಲ್ಡಿಂಗುಗಳ ಗೋಡೆ ಎಬ್ಬಿಸಿದವರು, ಅವುಗಳಲ್ಲಿ ಒಂದರೊಳಗೂ ಮತ್ತೆ ಕಾಲಿಡದವರು. ಅವರು ತೀರಿಕೊಂಡ ಮೇಲೆ ನಾನು ಬೆಳಗಿನ ಕಾಲೇಜು ಸೇರಿದೆ. ಐದೂ ಹತ್ತರ ಲೋಕಲ್, ಹತ್ತು ಗಂಟೆಯವರೆಗೆ ಪಾಠ, ಆಮೇಲೆ ಗ್ರಾಂಟ್ ರೋಡಿನ ಕನ್ನಡಕದ ಅಂಗಡಿಯಲ್ಲಿ ಸಂಜೆಯವರೆಗೆ ಬೇರೆಯವರ ಕಣ್ಣಿನ ಗಾಜು ಒರೆಸುವ ಕೆಲಸ. ಮೂರು ವರ್ಷದ ಬಿ.ಕಾಂ. ನನಗೆ ಐದು ವರ್ಷ ಹಿಡಿಯಿತು. ಕಾಸ್ಟಿಂಗ್ ಎಂಬ ಪೇಪರು ಎರಡು ಸಲ ಕೆಡವಿತು. ಮೂರನೆಯ ಸಲ ಪಾಸಾದ ಕಾಗದ ಇವತ್ತಿಗೂ ನಮ್ಮ ನಡುಮನೆಯ ಗೋಡೆಯ ಮೇಲಿದೆ, ಬಂದವರ ಕಣ್ಣಿಗೆ ಫ್ಯಾನಿಗಿಂತ ಮೊದಲು ಬೀಳುತ್ತದೆ. ಇದನ್ನು ನಾನು ನಾಚಿಕೆಯಿಂದ ಹೇಳುತ್ತಿಲ್ಲ. ಮೊಳೆ ಹೊಡೆದದ್ದೂ ನಾನೇ.

ಹೀಗೆ ಕಷ್ಟಪಟ್ಟು ಪದವಿ ಪಡೆದವರಿಗೆ ಒಂದು ರೋಗ ಬರುತ್ತದೆ. ಜಗತ್ತಿನ ಯಾವ ವಸ್ತುವನ್ನಾದರೂ ಅಡ್ಡಗೆರೆ ಉದ್ದಗೆರೆ ಎಳೆದು ಟೇಬಲ್ ಹಾಕಿದರೆ ಅರ್ಥವಾಗುತ್ತದೆ ಎಂದು ನಂಬುವ ರೋಗ. ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳು ಸವೆದಿವೆ, ಬದಲಿಸಬೇಕು ಎಂದು ಚಾಚಾ ಹೇಳಿದಾಗ ನಾನು ಮೂರು ವಾರ ಓದಿದೆ. ಇಂಟರ್‌ನೆಟ್ಟಿನಲ್ಲಿ ಬ್ರೇಕ್ ಪ್ಯಾಡಿನ ಬಗ್ಗೆ ಬರೆಯುವವರದು ಒಂದು ಪಂಥ. ಅವರ ಊರಿನಲ್ಲಿ ಸಿಗ್ನಲ್ ಇರುವುದಿಲ್ಲ, ರಿಕ್ಷಾ ಇರುವುದಿಲ್ಲ, ಅಡ್ಡ ಬರುವ ಎಮ್ಮೆ ಇರುವುದಿಲ್ಲ. ಅವರೆಲ್ಲ ತಿರುವಿಗೆ ನೂರೈವತ್ತರಲ್ಲಿ ಬಂದು ಅರವತ್ತಕ್ಕೆ ಇಳಿಯುತ್ತಾರೆ. ಸೆರಾಮಿಕ್ ಪ್ಯಾಡನ್ನು ಹೆಂಗಸರ ಪ್ಯಾಡು ಅನ್ನುತ್ತಾರೆ. ಕಂಪನಿಯಿಂದ ಬಂದ ಸಾದಾ ಪ್ಯಾಡನ್ನು ಸಾಬೂನು ಅನ್ನುತ್ತಾರೆ. ಗಂಡಸಾದವನು ಹಾಕಬೇಕಾದದ್ದು ರೇಸಿನ ಪ್ಯಾಡು. ನಾನು ಗಂಡಸಲ್ಲ, ಆದರೆ ಪದವೀಧರೆ. ನನ್ನ ಟೇಬಲಿನಲ್ಲಿ ಹನ್ನೊಂದು ಕಾಲಂ ಇದ್ದವು. ಗಾಡಿ ಯಾವ ರಸ್ತೆಯಲ್ಲಿ ಓಡುತ್ತದೆ ಎಂಬ ಕಾಲಂ ಮಾತ್ರ ಇರಲಿಲ್ಲ.

ಸುಕೇಶ್ ನನ್ನ ಟೇಬಲನ್ನು ನೋಡಿ ಬಹಳ ಮೆಚ್ಚಿದ. ಅವನ ತಂದೆತಾಯಿ ಉಡುಪಿಯ ಕಡೆಯವರು, ಅವನು ಹುಟ್ಟಿದ್ದು ಇಲ್ಲೇ. ಅವನ ಕನ್ನಡ ಸಿಗ್ನಲ್ಲಿನಲ್ಲಿ ನಿಂತು ನಿಂತು ಬರುತ್ತದೆ.

"ಕರೆಕ್ಟ್ ಉಂಟು ಮೇಡಂ," ಅಂದ. "ನಿಮ್ಮದು ಸ್ಪೋರ್ಟಿ ಗಾಡಿ ಅಲ್ವಾ. ಅದಕ್ಕೆ ಸಾದಾ ಪ್ಯಾಡ್ ಹಾಕಿದ್ರೆ, ಅದು ಹೇಗೆ ಹೇಳುದು, ಕುದುರೆಗೆ ರಬ್ಬರ್ ಚಪ್ಪಲ್ ಹಾಕಿದ ಹಾಗೆ. ಇದು ನೋಡಿ, ಏಕ್‌ದಮ್ ಟ್ರ್ಯಾಕ್ ಫೀಲಿಂಗ್." ಡಬ್ಬಿಯ ಮೇಲೆ ಬೆಂಕಿಯ ಚಿತ್ರವಿತ್ತು.

ಡಬ್ಬಿ ಚಾಚಾನ ಕೈಗೆ ಹೋಯಿತು. ಅವರು ಒಂದು ಪ್ಯಾಡನ್ನು ತೆಗೆದು ಉಗುರಿನಿಂದ ಕೆರೆದರು, ಮೂಸಿದರು, ತಿರುಗಿಸಿ ನೋಡಿ ವಾಪಸ್ ಇಟ್ಟರು.

"ಇದು ಬಿಸಿ ಆದಮ್ಯಾಲ ಹಿಡಿಯೋ ಪ್ಯಾಡ್ ಐತಿ ಬೇಟಾ. ನೀನು ಬೊರಿವಲಿಯಿಂದ ಇಲ್ಲಿಗೆ ಬರೂದ್ರಾಗ ಡ್ರೈವರ್ ಬಿಸಿ ಆಗ್ತಾಳ, ಪ್ಯಾಡ್ ಆಗಂಗಿಲ್ಲ."

"ಚಾಚಾ, ನಾನು ಓದೀನಿ," ಅಂದೆ.

"ಓದೀ, ಗೊತ್ತೈತಿ. ಗ್ವಾಡಿಮ್ಯಾಲ ಹಾಕೀರಲ್ಲ, ಬಂದಾಗೊಮ್ಮೆ ನೋಡ್ತೀನಿ," ಅಂದರು. ಆಮೇಲೆ ಗಾಡಿಯ ಕೆಳಗೆ ಹೋಗಿ ಅದನ್ನೇ ಹಾಕಿಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು. ಅದೇ ನನಗೆ ಆಮೇಲೆ ಹೆಚ್ಚು ಚುಚ್ಚಿದ್ದು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಬ್ರೇಕ್ ಒತ್ತಿದೆ. ಪ್ಯಾಡುಗಳು ವಿಚಾರ ಮಾಡಿದವು. ವಿಚಾರ ಮುಗಿಯುವಷ್ಟರಲ್ಲಿ ಕಾರು ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯನ್ನು, ಅದರ ಮೇಲಿದ್ದ ಅವನ ಟಿಫಿನ್ನಿನ ಸಮೇತ, ಬಹಳ ಮರ್ಯಾದೆಯಿಂದ ಎರಡಡಿ ಆಚೆ ಸರಿಸಿತು. ಕುರ್ಚಿಯಲ್ಲಿ ಅವನಿರಲಿಲ್ಲ, ದೇವರು ದೊಡ್ಡವನು. ನೀರಿನ ಪೈಪು ಹಿಡಿದು ನಿಂತಿದ್ದ ಅವನು ಕಾರನ್ನು ನೋಡಿದ, ಕುರ್ಚಿಯನ್ನು ನೋಡಿದ. "ಮೇಡಂ, ಹಾರ್ನ್ ತೋ ದೇತೀ," ಅಂದ, ಹಾರ್ನಾದರೂ ಹೊಡೆಯಬಾರದಿತ್ತೇ ಎಂದು.

ಬುದ್ಧಿವಂತರಾದವರು ಅವತ್ತೇ ಹೋಗಿ ತೆಗೆಸುತ್ತಿದ್ದರು. ನಾನು ಮತ್ತೆ ಓದಲು ಕೂತೆ. ಹೊಸ ಪ್ಯಾಡನ್ನು ಪಳಗಿಸಬೇಕಂತೆ: ನೂರರ ವೇಗದಿಂದ ಇಪ್ಪತ್ತಕ್ಕೆ, ಹತ್ತು ಸಲ, ನಡುವೆ ನಿಲ್ಲದೆ. ಭಾನುವಾರ ಬೆಳಗಾಗುತ್ತಲೇ ಲಿಂಕ್ ರೋಡಿಗೆ ಹೋದೆ. ನನಗಿಂತ ಮೊದಲೇ ಹಾಲಿನ ಟೆಂಪೋ, ಎರಡು ಬಸ್ಸು, ಯೋಗಕ್ಕೆ ಹೊರಟ ಸೀನಿಯರ್ ಸಿಟಿಜನ್ನರ ಒಂದು ಸಾಲು ಅಲ್ಲಿದ್ದವು. ನಲವತ್ತಕ್ಕೆ ಮುಟ್ಟಿದ್ದೇ ಒಂದು ಸಾಹಸ. ಹತ್ತು ಸಲ ನಲವತ್ತರಿಂದ ಸೊನ್ನೆಗೆ ಬಂದು ಮನೆಗೆ ಬಂದೆ. ಪ್ಯಾಡು ಪಳಗಲಿಲ್ಲ, ನಾನು ಪಳಗಿದೆ. ಮುಂದಿನ ಗಾಡಿಗೂ ನನಗೂ ನಡುವೆ ಒಂದು ಬಸ್ಸಿನಷ್ಟು ಜಾಗ ಬಿಟ್ಟು ಓಡಿಸಲು ಕಲಿತೆ. ಮುಂಬಯಿಯಲ್ಲಿ ಅಷ್ಟು ಜಾಗ ಬಿಟ್ಟರೆ ಅದರೊಳಗೆ ನಿಜವಾಗಿಯೂ ಒಂದು ಬಸ್ಸು ಬಂದು ನಿಲ್ಲುತ್ತದೆ.

ಇನ್ನು ಅದರ ಕೀರಲು. ತಣ್ಣಗಿರುವ ರೇಸ್ ಪ್ಯಾಡು ಕಿರುಚುತ್ತದೆ. ಸಿಗ್ನಲ್ಲಿನಲ್ಲಿ ನಾನು ನಿಲ್ಲುವಾಗ ರಿಕ್ಷಾದವರು ಬಗ್ಗಿ ತಮ್ಮ ಚಕ್ರ ನೋಡಿಕೊಳ್ಳುತ್ತಿದ್ದರು. ನಾಯಿಗಳು ಏಳುತ್ತಿದ್ದವು. ಅಮ್ಮನಿಗೆ ಮಾತ್ರ ಅನುಕೂಲವಾಗಿತ್ತು. ಗೇಟಿನಲ್ಲಿ ಕೀರಲು ಕೇಳಿದ ಕೂಡಲೇ ಚಹಾಕ್ಕೆ ಇಡುತ್ತಿದ್ದರು, ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಕುದಿ ಬಂದಿರುತ್ತಿತ್ತು. "ನಿನ್ನ ಗಾಡಿಗೆ ಹಾರ್ನ್ ಯಾಕ ಕೊಟ್ಟಾರೋ," ಅನ್ನುತ್ತಿದ್ದರು. ಹೀಗೆ ಏಳು ತಿಂಗಳು. ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನನಗೆ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯನ್ನು ಚಾಚಾನಿಗೆ ಹೇಳಿದರೆ ನನ್ನ ಐದು ವರ್ಷದ ಬಿ.ಕಾಂ. ಬಿದ್ದುಹೋಗುತ್ತದೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಚಾಚಾನ ವಿಷಯಕ್ಕೆ ಬರುತ್ತೇನೆ. ಅಬ್ಬಾನ ಹಿಂದೆಯೇ ಊರು ಬಿಟ್ಟು ಬಂದ ತಮ್ಮ. ಮದುವೆಯಾಗುವವರೆಗೂ ಅಮ್ಮನ ಕೈಯ ರೊಟ್ಟಿ ತಿಂದವರು. ಮೂವತ್ತು ವರ್ಷದಿಂದ ಬ್ರೇಕು ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ನಮ್ಮ ಮನೆಯಲ್ಲಿ ಜಗಳ ದಖನಿ ಉರ್ದುವಿನಲ್ಲಿ, ಪ್ರೀತಿ ಕನ್ನಡದಲ್ಲಿ, ಸುಳ್ಳು ಹಿಂದಿಯಲ್ಲಿ. ಚಾಚಾನಿಗೆ ಮೂರನೆಯದು ಸರಿಯಾಗಿ ಬರುವುದಿಲ್ಲ. ಅವರ ಕೆಲಸದ ಒಂದು ಪದ್ಧತಿ ಇತ್ತು. ಹೊಸ ಪ್ಯಾಡು ಆರಿಸುವ ಮೊದಲು ಹಳೆಯ ನಾಲ್ಕೂ ಪ್ಯಾಡುಗಳನ್ನು ಪೇಪರಿನ ಮೇಲೆ, ಅವು ಚಕ್ರದಲ್ಲಿ ಕೂತಿದ್ದ ಕ್ರಮದಲ್ಲೇ ಸಾಲಾಗಿ ಇಡುವುದು. ಉಗುರಿನಿಂದ ಕೆರೆಯುವುದು, ಮೂಸುವುದು, ಅಂಚನ್ನು ಬೆಳಕಿಗೆ ಹಿಡಿಯುವುದು. ಆಮೇಲೆ ಗಾಡಿ ಎಲ್ಲಿ ಓಡುತ್ತದೆ, ಹೊಡೆಯುವವನು ಎಂಥವನು ಎಂದು ಹೇಳುವುದು. ಅದಕ್ಕೆ ತಕ್ಕ ಪ್ಯಾಡು ಹಾಕುವುದು. ವೈದ್ಯ ನಾಡಿ ಹಿಡಿದ ಹಾಗೆ.

ಈ ನಾಡಿ ನೋಡುವುದು ನಿಂತದ್ದು ಒಬ್ಬ ಗಿರಾಕಿಯ ಸಂಸಾರದಿಂದ. ಅವನು ಹೆಂಡತಿಯ ಜೊತೆ ಗಾಡಿ ತಂದಿದ್ದ. ಮನೆ, ಆಫೀಸಿನ ಕೆಲಸ ಬಿಟ್ಟರೆ ಗಾಡಿ ಬೇರೆಲ್ಲೂ ಹೋಗುವುದಿಲ್ಲ ಎಂದಿದ್ದ. ಚಾಚಾ ಪ್ಯಾಡು ಮೂಸಿ, "ನಹೀ ಸಾಬ್, ಯೇ ಘಾಟ್ ಉತರಾ ಹುವಾ ಪ್ಯಾಡ್ ಹೈ. ಹಫ್ತೇ ಮೇ ಏಕ್ ಬಾರ್ ತೋ ಪಕ್ಕಾ," ಅಂದರು. ಹೆಂಡತಿ ಗಂಡನ ಕಡೆ ತಿರುಗಿದಳು. ವಾರಕ್ಕೊಮ್ಮೆ ಥಾಣೆಯಲ್ಲಿ ಮೀಟಿಂಗ್ ಇರುತ್ತದೆ ಎಂದು ಹೇಳಿ ಹೋಗುತ್ತಿದ್ದವನು ಅವನು. ಥಾಣೆಗೆ ಹೋಗಲು ಘಾಟ್ ಇಳಿಯಬೇಕಾಗಿಲ್ಲ. ಆ ಗಿರಾಕಿ ಮತ್ತೆ ಬರಲಿಲ್ಲ. ಅಂದಿನಿಂದ ವರ್ಕ್‌ಶಾಪಿನಲ್ಲಿ ಕಾನೂನಾಯಿತು: ತೆಗೆದ ಪ್ಯಾಡು ತಕ್ಷಣ ಕಸದ ಕೆಂಪು ಡಬ್ಬಿಗೆ, ಯಾರೂ ಏನೂ ಓದುವಂತಿಲ್ಲ. ಚಾಚಾ ಯಾರೂ ನೋಡದಾಗ ಡಬ್ಬಿಯಿಂದ ತೆಗೆದು ಓದುತ್ತಿದ್ದರು. ಕದ್ದು ಓದುವ ಸುಖ ನನಗೂ ಗೊತ್ತು, ಕನ್ನಡಕದ ಅಂಗಡಿಯಲ್ಲಿ ನಾನೂ ಕೌಂಟರಿನ ಕೆಳಗೆ ಪುಸ್ತಕ ಇಟ್ಟುಕೊಂಡವಳೇ.

ಹೀಗಿರುವಾಗ ಗೋಡೆಗೆ ಒಂದು ನೋಟೀಸು ಬಂತು. ಬ್ರೇಕು, ಸ್ಟಿಯರಿಂಗು ಮುಟ್ಟುವವರೆಲ್ಲ ಕೌಶಲ್ಯದ ಸರ್ಟಿಫಿಕೇಟು ಪಡೆದಿರಬೇಕು. ಪರೀಕ್ಷೆ ಎರಡು ತಿಂಗಳಲ್ಲಿ. ಪಾಸಾಗದವರನ್ನು ಗಾಡಿ ತೊಳೆಯುವ ಕಡೆಗೆ ಕಳಿಸಲಾಗುವುದು. ಚಾಚಾ ಆ ಭಾನುವಾರ ಬೊರಿವಲಿಗೆ ಬಂದರು. ಚಹಾ ಆರಿಹೋಗುವವರೆಗೆ ಕುಡಿಯಲಿಲ್ಲ.

"ಮೂವತ್ತು ವರ್ಷ ಗಾಡಿ ನಿಲ್ಲಿಸೀನಿ ಭಾಬಿ," ಅಂದರು ಅಮ್ಮನಿಗೆ. "ಈಗ ಗಾಡಿಗೆ ಸ್ನಾನ ಮಾಡಸು ಅಂತಾರ."

"ಪರೀಕ್ಷಾ ಕೊಡು," ಅಂದರು ಅಮ್ಮ.

"ನಾಕನೇ ಇಯತ್ತೆದಾಗ ಸಾಲಿ ಬಿಟ್ಟಾಂವ ನಾನು. ಆಗಂಗಿಲ್ಲ ಅದು. ಆ ಕಾಗದ ನನ್ನ ನಸೀಬದಾಗ ಇಲ್ಲ. ಸುಕೇಶನೂ ಅದ ಅಂದ, ಚಾಚಾ ಈಗಲೇ ಗಂಬೂಟ್ ತಗೊಳ್ಳಿ, ವಾಷಿಂಗದಾಗ ಕಾಲು ನೆನೀತಾವ ಅಂತ."

ಅಮ್ಮ ನನ್ನ ಕಡೆ ನೋಡಿದರು. ಮನೆಯಲ್ಲಿ ಒಬ್ಬ ಪದವೀಧರೆ ಇದ್ದರೆ ಇಂಥ ಹೊತ್ತಿನಲ್ಲಿ ಎಲ್ಲರೂ ಅವಳ ಕಡೆ ನೋಡುತ್ತಾರೆ. ನಾನು ಕಲಿಸುತ್ತೇನೆ ಅಂದೆ. ಬಾಯಿ ಹಾಗೆ ಹೇಳುವಾಗ ಮನಸ್ಸು, ಆಗದು ಬಿಡು, ಎಂದದ್ದನ್ನು ಮೊದಲೇ ಒಪ್ಪಿಕೊಂಡಿದ್ದೇನೆ.

ಪುಸ್ತಿಕೆಯಲ್ಲಿ ನಲವತ್ತು ಹಂತಗಳಿದ್ದವು, ಹಿಂದಿಯಲ್ಲಿ. ಪರೀಕ್ಷೆಯ ಪ್ರಶ್ನೆಗಳನ್ನು ಟ್ಯಾಬ್ಲೆಟ್ಟು ಓದಿ ಹೇಳುತ್ತದೆ, ಬೆರಳಿನಿಂದ ಒತ್ತಿದರಾಯಿತು. ಅದು ಚಾಚಾನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪ್ರಾಕ್ಟಿಕಲ್ಲು, ಯಾಕೆಂದರೆ ಅದು ಅವರಿಗೆ ಮೊದಲೇ ಬರುತ್ತಿತ್ತು. ಬರುವುದನ್ನು ಪರೀಕ್ಷೆಗೆ ತಕ್ಕಂತೆ ಮರೆಸುವುದೇ ಕಲಿಸುವುದು ಎಂದು ನಾನು ಐದು ವರ್ಷದಲ್ಲಿ ಕಲಿತಿದ್ದೆ. ಊಟದ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಅದೇ ಚಕ್ರದ ಜೊತೆ ತಿರುಗುವ ಡಿಸ್ಕು, ಎರಡು ಗ್ಲೂಕೋಸ್ ಬಿಸ್ಕತ್ತು ಅದನ್ನು ಎರಡೂ ಕಡೆ ಹಿಡಿಯುವ ಪ್ಯಾಡು, ಅಡಿಗೆಮನೆಯ ಕಸದ ಬುಟ್ಟಿ ಅದೇ ಕೆಂಪು ಡಬ್ಬಿ. ಚಾಚಾ ಬಿಸ್ಕತ್ತು ತೆಗೆದವರು ರೂಢಿಯಂತೆ ಮೂಗಿಗೆ ಹಿಡಿದರು.

"ಮೂಸಬಾರದು ಚಾಚಾ. ಹನ್ನೆರಡನೇ ಹಂತ ಏನು?"

"ಡಬ್ಬಿಗೆ."

"ಹಾಕಿ ಮತ್ತೆ."

ಬಿಸ್ಕತ್ತು ಬುಟ್ಟಿಗೆ ಬಿತ್ತು. ಅಮ್ಮ ಒಳಗಿನಿಂದ ಬಂದು ಇಬ್ಬರನ್ನೂ ದಖನಿಯಲ್ಲಿ ಬೈದರು. ತಿನ್ನುವುದನ್ನು ಕಸಕ್ಕೆ ಹಾಕುವ ಓದು ಯಾವ ಕಾಲೇಜಿನದು ಎಂಬುದು ಅದರ ಸಾರಾಂಶ. ಮುಂದಿನ ವಾರದಿಂದ ಮಾಚಿಸ್ ಪೆಟ್ಟಿಗೆ ಬಳಸಿದೆವು. ಏಳು ಭಾನುವಾರ ಹೀಗೆ ನಡೆಯಿತು. ಕೊನೆಯ ಭಾನುವಾರ ಚಾಚಾ ನಾನು ಕಲಿಸಿದ ಹಂತಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಮಾಡಿ ತೋರಿಸಿದರು. ಮಾಚಿಸ್ ಪೆಟ್ಟಿಗೆಯನ್ನು ಕಣ್ಣೆತ್ತಿಯೂ ನೋಡದೆ ಬುಟ್ಟಿಗೆ ಎಸೆದರು. ನನಗೆ ಹೆಮ್ಮೆಯಾಯಿತು. ಅವರ ಮುಖ ಮಾತ್ರ ಪರೀಕ್ಷೆ ಮುಗಿದು ಫೇಲಾದವರ ಹಾಗಿತ್ತು.

ಪರೀಕ್ಷೆ ವರ್ಕ್‌ಶಾಪಿನಲ್ಲೇ ನಡೆಯಿತು. ಪ್ರಾಕ್ಟಿಕಲ್ಲಿಗೆ ಒಂದು ಸ್ಪೋರ್ಟಿ ಗಾಡಿ ಬೇಕು, ನಿಮ್ಮದು ತನ್ನಿ ಮೇಡಂ ಎಂದು ಸುಕೇಶ್ ಕೇಳಿದ್ದ. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕಿರುಚುತ್ತಾ ಹೋದೆ. ಥಾಣೆಯಿಂದ ಬಂದಿದ್ದ ಪರೀಕ್ಷಕಿ ಹೆಗಲಿಗೆ ಚೀಲ ಹಾಕಿಕೊಂಡ ನಡುವಯಸ್ಸಿನ ಹೆಂಗಸು. ಬೆಳಗಿನಿಂದ ಎಂಟು ಜನರನ್ನು ನೋಡಿ ಸಾಕಾಗಿದ್ದಳು. ಟ್ಯಾಬ್ಲೆಟ್ಟಿನಲ್ಲಿ ಗಡಿಯಾರ ಓಡಿಸಿ, "ಚಲಾ, ಸುರೂ ಕರಾ," ಅಂದಳು.

ಚಾಚಾ ಇಸ್ತ್ರಿಯ ಅಂಗಿ ತೊಟ್ಟಿದ್ದರು. ಮೂವತ್ತು ವರ್ಷದಲ್ಲಿ ಅವರು ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿದ್ದನ್ನು ನಾನು ನೋಡಿದ್ದು ಅವತ್ತೇ. ಜಾಕು ಏರಿತು, ಮುಂದಿನ ಎರಡೂ ಚಕ್ರ ಇಳಿದವು, ಪ್ಯಾಡುಗಳು ಹೊರಬಂದವು. ಹನ್ನೆರಡನೇ ಹಂತ. ನಾಲ್ಕೂ ಪ್ಯಾಡು ಖಣಖಣ ಎಂದು ಕೆಂಪು ಡಬ್ಬಿಗೆ ಬಿದ್ದವು. ನಾನು ಮನಸ್ಸಿನಲ್ಲೇ ಅಂಕ ಕೊಟ್ಟೆ.

ಮೇಜಿನ ಮೇಲೆ ನಾಲ್ಕು ಡಬ್ಬಿಗಳಿದ್ದವು. ಬೆಂಕಿಯ ಚಿತ್ರದ್ದು ಒಂದು, ಸಾದಾ ಕಂಪನಿಯದು ಒಂದು, ನಡುವಿನವು ಎರಡು. "ಸ್ಪೋರ್ಟಿ ಕಾರ್ ಹೈ ಚಾಚಾ," ಅಂದಳು ಪರೀಕ್ಷಕಿ. "ಕೌನಸಾ ಡಾಲೇಂಗೇ?"

ಚಾಚಾ ಡಬ್ಬಿಗಳ ಮುಂದೆ ನಿಂತರು. ಕೈ ಮುಂದೆ ಹೋಯಿತು, ನಿಂತಿತು. ಕಂಬದ ಹಿಂದಿನಿಂದ ಸುಕೇಶ್ ಗಲ್ಲದಿಂದ ಬೆಂಕಿಯ ಡಬ್ಬಿಯತ್ತ ತೋರಿಸುತ್ತಿದ್ದ. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು, ಆಮೇಲೆ ಎರಡು. ಚಾಚಾ ಪೇಪರು ಹಾಸಬೇಕಾದ ಖಾಲಿ ನೆಲವನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟ ನನಗೆ ಪರಿಚಯದ್ದು. ಕಾಸ್ಟಿಂಗ್ ಪೇಪರಿನ ಮುಂದೆ ಎರಡು ಸಲ ನಾನು ಹಾಗೆ ಕಿಟಕಿಯ ಕಡೆ ನೋಡಿದ್ದೆ: ಬರುವುದಿಲ್ಲ ಎಂದಲ್ಲ, ಏನು ಬರೆದರೆ ಇವರಿಗೆ ಸರಿ ಎಂದು ತಿಳಿಯದೆ. ನನ್ನ ಏಳು ಭಾನುವಾರಗಳು ಆ ಮನುಷ್ಯನಿಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಕೆಂಪು ಡಬ್ಬಿಗೆ ಹಾಕಿದ್ದವು. ಅವರ ಕೈ ಬೆಂಕಿಯ ಚಿತ್ರದ ಕಡೆ ತಿರುಗಿತು. ಅದು ತಪ್ಪು ಪ್ಯಾಡೆಂದು ಏಳು ತಿಂಗಳಿಂದ ನನಗೆ ಗೊತ್ತಿತ್ತು, ಅದನ್ನು ಎತ್ತಿದರೆ ನಾಳೆಯಿಂದ ಗಂಬೂಟು.

ಪುಸ್ತಿಕೆಯಲ್ಲಿ ಹದಿಮೂರನೇ ಹಂತ ಒಂದಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನೇ ಪೆನ್ಸಿಲಿನಿಂದ ಹೊಡೆದುಹಾಕಿದ್ದೆ. ತೆಗೆದ ಭಾಗಗಳನ್ನು ಗ್ರಾಹಕರು ಕೇಳಿದರೆ ತೋರಿಸಿ ವಿವರಿಸಬೇಕು.

"ಮೇಡಂ, ಈ ಗಾಡಿ ನನ್ನದು," ಅಂದೆ ಹಿಂದಿಯಲ್ಲಿ. "ತೆಗೆದ ಪ್ಯಾಡು ನನಗೆ ತೋರಿಸಬೇಕು. ನಿಮ್ಮ ಪುಸ್ತಕದಲ್ಲಿದೆ, ಹದಿಮೂರನೆಯದು."

ಅವಳು ಪುಟ ತಿರುವಿದಳು. ಓದಿದಳು. "ಬರೋಬರ್ ಆಹೇ," ಅಂದಳು, ಸ್ವಲ್ಪ ಆಶ್ಚರ್ಯದಿಂದ. ಅದನ್ನು ಅವಳೂ ಮೊದಲ ಸಲ ಓದಿದಂತಿತ್ತು. ಗಡಿಯಾರ ನಿಲ್ಲಿಸಿದಳು.

ನಾನು ಕೆಂಪು ಡಬ್ಬಿಗೆ ಕೈ ಹಾಕಿದೆ. ಆಫೀಸಿನ ಕುರ್ತಾ, ಎಣ್ಣೆಯ ಚಿಂದಿ, ಗ್ರೀಸು. ನಾಲ್ಕೂ ಪ್ಯಾಡನ್ನು ತೆಗೆದು, ಮೇಜಿನ ಕೆಳಗಿದ್ದ ಪೇಪರನ್ನು ಹಾಸಿ, ಸಾಲಾಗಿ ಇಟ್ಟೆ. ಆ ಪ್ಯಾಡುಗಳು ಬಾಯಿಬಿಟ್ಟರೆ ಹೇಳುವುದು ನನ್ನ ಕಥೆಯನ್ನೇ ಎಂದು ಗೊತ್ತಿತ್ತು.

"ಏ ಗ್ರಾಜುಯೇಟ್, ಉಲ್ಟಾ ಇಟ್ಟಿ," ಅಂದರು ಚಾಚಾ. ಬಗ್ಗಿ ಎರಡನ್ನು ಅದಲುಬದಲು ಮಾಡಿದರು. ಅಂಗಿ ಪ್ಯಾಂಟಿನಿಂದ ಹೊರಬಂತು. ಉಗುರಿನಿಂದ ಕೆರೆದರು, ಮೂಸಿದರು, ಬೆಳಕಿಗೆ ಹಿಡಿದರು. ಆಮೇಲೆ ಪರೀಕ್ಷಕಿಗೆ ಹಿಂದಿಯಲ್ಲಿ ಹೇಳಿದರು. ನನಗೆ ಅದು ನಮ್ಮ ಮಾತಿನಲ್ಲೇ ಕೇಳಿಸಿತು, ಹಾಗೇ ಬರೆಯುತ್ತೇನೆ.

"ಈ ಪ್ಯಾಡ್ ಹುಟ್ಟಿದಾಗಿಂದ ಒಮ್ಮಿನೂ ಬಿಸಿ ಆಗಿಲ್ರಿ. ಬಿಸಿ ಆಗಾಕ ಗಾಡಿ ಓಡಬೇಕಲ್ಲ. ತಣ್ಣಗಿದ್ದಾಗ ಇ‌ದು ಹಿಡಿಯಂಗಿಲ್ಲ, ಬರೇ ಕೆರೀತೈತಿ. ಡಿಸ್ಕ್ ನೋಡ್ರಿ, ಹೊಲ ಉಳದಂಗ ಗೆರಿ ಬಿದ್ದಾವ. ಇದೂ ಹೊಸಾದು ಬೇಕು. ಹೊಡ್ಯಾಕಿ ದಿನಾ ಅಂಜಿಕೋತ ಹೊಡ್ಯಾಕತ್ತಾಳ, ದೂರದಿಂದನ ಬ್ರೇಕ್ ಮ್ಯಾಲ ಕಾಲಿಡ್ತಾಳ. ತಪ್ಪು ಆಕಿದಲ್ಲ, ಪ್ಯಾಡಿಂದು. ಈ ಗಾಡಿಗೆ ಬೆಳಗ್ಗೆ ಮೊದಲನೇ ಸಲ ಒತ್ತಿದಾಗ ಹಿಡಿಯೋದು ಬೇಕು." ಸಾದಾ ಡಬ್ಬಿಯನ್ನು ಎತ್ತಿ ಮುಂದಿಟ್ಟರು.

"ಪರ್ ಕಾರ್ ತೋ ಸ್ಪೋರ್ಟಿ ಹೈ ನಾ?"

"ಗಾಡಿ ಸ್ಪೋರ್ಟಿ ಐತ್ರಿ ಮೇಡಂ. ರೋಡ್ ಸ್ಪೋರ್ಟಿ ಇಲ್ಲ."

ರೇಸ್ ಪ್ಯಾಡು ಹಾಕಲು ಹೇಳಿದ್ದು ಯಾರು ಎಂದು ಅವಳು ಕೇಳಿದಳು. ಸುಕೇಶ್ ನಿಂತಿದ್ದ ಕಡೆ ಈಗ ಕಂಬ ಮಾತ್ರ ಇತ್ತು. ಚಾಚಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ನಾನೇ ಆರಿಸಿದ್ದು. ಮೂರು ವಾರ ಓದಿ ಆರಿಸಿದ್ದು. ಇವರು ಬೇಡ ಅಂದಿದ್ದರು." ಅವಳು ನನ್ನ ಕೈಗೆ ಹತ್ತಿದ ಗ್ರೀಸನ್ನು ನೋಡಿದಳು, ಟ್ಯಾಬ್ಲೆಟ್ಟಿನ ಉತ್ತರವನ್ನು ನೋಡಿದಳು. ಅಲ್ಲಿ ಏನು ಬರೆದಿತ್ತೋ ನಮಗೆ ಕಾಣಲಿಲ್ಲ. ಬೆರಳಿನಿಂದ ಒತ್ತಿ, "ಪುಢಚಾ," ಅಂದಳು. ಮುಂದಿನವನು ಬಂದ. ಸಂಜೆ ಹೋಗುವಾಗ ಮಾತ್ರ ಚಾಚಾನ ಹತ್ತಿರ ನಿಂತು, ತನ್ನ ಗಾಡಿ ಬ್ರೇಕ್ ಹಾಕಿದಾಗ ನಡುಗುತ್ತದೆ, ಯಾಕಿರಬಹುದು ಎಂದು ಕೇಳಿದಳು. "ಪ್ಯಾಡ್ ದಿಖಾವ್," ಅಂದರು ಚಾಚಾ.

ಅವತ್ತು ಹೊಸ ಡಿಸ್ಕು, ಸಾದಾ ಪ್ಯಾಡು ಹಾಕಿಸಿಕೊಂಡು ಮನೆಗೆ ಹೊರಟೆ. ವಾರದೊಳಗೆ ಫಲಿತಾಂಶ ಫೋನಿಗೆ ಬಂತು. ಚಾಚಾ ಬ್ರೇಕಿನ ಕೆಲಸದಲ್ಲೇ ಉಳಿದರು. ಹಳೆಯ ಪ್ಯಾಡುಗಳನ್ನು ಈಗ ಗಿರಾಕಿಯ ಮುಂದೆಯೇ ಹರಡುತ್ತಾರೆ. ಹದಿಮೂರನೇ ಹಂತ ಅವರ ಪಕ್ಷದಲ್ಲಿದೆ. ಘಾಟ್ ಇಳಿದ ಪ್ಯಾಡಾದರೆ ಮಾತ್ರ, ಹೆಂಡತಿ ಜೊತೆಗಿದ್ದಾಳೋ ಎಂದು ಮೊದಲು ನೋಡಿಕೊಳ್ಳುತ್ತಾರೆ. ನಾನೂ ಬದಲಾಗಿದ್ದೇನೆ, ಸ್ವಲ್ಪ. ಈಗಲೂ ಟೇಬಲ್ ಹಾಕುತ್ತೇನೆ, ಆದರೆ ಕೈಯಿಂದ ಕೆಲಸ ಮಾಡುವವರು ಏನೆಂದರು ಎಂಬುದಕ್ಕೆ ಮೊದಲ ಕಾಲಂ ಬಿಡುತ್ತೇನೆ. ಆಫೀಸಿನಲ್ಲಿ ಇದರಿಂದ ನನಗೆ ಬುದ್ಧಿವಂತೆ ಎಂಬ ಹೆಸರು ಬಂದಿದೆ.

ಫಲಿತಾಂಶ ಫೋನಿಗೆ ವಾರದಲ್ಲಿ ಬಂತು, ಕಾಗದ ಬರಲು ಎರಡು ವರ್ಷ ಹಿಡಿಯಿತು. ಹೋದ ಶುಕ್ರವಾರ ವರ್ಕ್‌ಶಾಪಿನಲ್ಲಿ ಸಣ್ಣ ಸಮಾರಂಭ. ಅಮ್ಮನನ್ನು ಬೊರಿವಲಿಯಿಂದ ಕರೆದುಕೊಂಡು ಹೋದೆ. ಸುಕೇಶ್ ಮೈಕ್ ಹಿಡಿದು, ಮೌಲಾ ಚಾಚಾ ಪಾಸಾಗುತ್ತಾರೆಂದು ತನಗೆ ಮೊದಲ ದಿನದಿಂದಲೂ ಖಾತ್ರಿ ಇತ್ತು ಎಂದು ಭಾಷಣ ಮಾಡಿದ. ಮ್ಯಾನೇಜರ್ ಸರ್ಟಿಫಿಕೇಟು ಕೊಟ್ಟರು, ಫೋಟೋ ತೆಗೆದರು. ಚಾಚಾ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಅದನ್ನು ತೆಗೆದುಕೊಂಡರು, ನೇರ ಬಂದು ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಮಡಿಲಲ್ಲಿ ಇಟ್ಟರು.

ಅಮ್ಮನಿಗೆ ಓದಲು ಬರುವುದಿಲ್ಲ. ಕಾಗದದ ಕೆಳಗಿನ ನೀಲಿ ಗೀಚಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು.

"ಸಹಿ ಅಮ್ಮಾ. ಯಾರೋ ದೊಡ್ಡ ಸಾಹೇಬರದು."

"ಅವರು ಇವ ಬ್ರೇಕ್ ಹಾಕಿದ ಗಾಡ್ಯಾಗ ಯಾವಾಗರ ಕುಂತಾರೇನು?"

"ಇಲ್ಲ."

ಅಮ್ಮ ಸೆರಗಿನ ಅಂಚಿನಿಂದ ಕಾಗದವನ್ನು ಒಮ್ಮೆ ಒರೆಸಿ ಚಾಚಾನ ಕೈಗೆ ವಾಪಸ್ ಕೊಟ್ಟರು.

"ಇವನ ಬ್ರೇಕ್ ನಂಬಿ ಮೂವತ್ತು ವರ್ಷದಾಗ ಎಷ್ಟು ಮಂದಿ ಸುಮ್ಮನ ಮನಿ ಮುಟ್ಟ್ಯಾರ," ಅಂದರು. "ಸಹಿ ಅವರು ಮಾಡಬೇಕಾಗಿತ್ತು."